ಅಡುಗೆಮನೆಯ ತಗಡಿನ ಹೂವು

ಬೀದಿಯವರಿಗೆಲ್ಲ ಅವನು ತಗಡಣ್ಣ. ಹೆಂಡತಿಗೆ ಮಾತ್ರ ಬರೀ ‘ರೀ’. ಆ ‘ರೀ’ಯನ್ನು ಅವಳು ಎಷ್ಟು ಉದ್ದ ಎಳೆಯುತ್ತಾಳೆ ಎಂಬುದರಿಂದ ಮನೆಯ ಹವಾಮಾನ ತಿಳಿಯುತ್ತಿತ್ತು.

ಮೀಸೆ ಚಿಗುರಿದಂದಿನಿಂದ ಅವನು ಮಾಡಿದ್ದು ಒಂದೇ ಕೆಲಸ, ಛಾವಣಿಗೆ ತಗಡು ಹೊದಿಸುವುದು. ಹೋದ ವರ್ಷ ಗೋದಾಮೊಂದರ ಮೇಲಿನಿಂದ ಕಾಲು ಜಾರಿ ಬಿದ್ದ. ಮೂಳೆ ಕೂಡಿತು, ಕುಂಟು ಹೋಯಿತು, ಹೆಂಡತಿಯ ಹೆದರಿಕೆ ಮಾತ್ರ ಹೋಗಲಿಲ್ಲ. ಅವನ ಏಣಿಯನ್ನು ಹಿತ್ತಲ ಗೋಡೆಗೆ ಅಡ್ಡಡ್ಡ ಕಟ್ಟಿ ಅದರ ಮೇಲೆ ಬಟ್ಟೆ ಒಣಹಾಕತೊಡಗಿದಳು. ಏಣಿ ಬೇಕೆಂದರೆ ಮೊದಲು ಒಣಹಾಕಿದ ಸೀರೆಗಳನ್ನು ತೆಗೆದಿಡಬೇಕು. ಅಷ್ಟು ಧೈರ್ಯ ಆ ಮನೆಯಲ್ಲಿ ಯಾರಿಗಿತ್ತು?

ಕೆಲಸವಿಲ್ಲದವನು ತೆಪ್ಪಗಾದರೂ ಇದ್ದನೇ? ಪಾತ್ರೆ ಜೋಡಿಸಿದ್ದು ಸರಿಯಿಲ್ಲವೆಂದ, ಒಲೆಯ ಉರಿ ಹೆಚ್ಚಾಯಿತೆಂದ. ಅವಳಿಗೆ ತಲೆ ಚಿಟ್ಟು ಹಿಡಿಯಿತು.

“ರೀಈ, ಕೈ ಸುಮ್ನಿರಲ್ಲ ಅಂದ್ರೆ ಇದನ್ನ ಸರಿಮಾಡಿ” ಎಂದು ಮೇಲೆ ತೋರಿಸಿದಳು. ಅಡುಗೆಮನೆಯ ಹಳೇ ಪ್ಲೈವುಡ್ ಸೀಲಿಂಗು ಹೊಗೆ, ಜಿಡ್ಡು ಕುಡಿದು ಕಪ್ಪಾಗಿ ಜೋತುಬಿದ್ದಿತ್ತು. “ಆದ್ರೆ ಊಟದ ಮೇಜಿನ ಮೇಲೆ ನಿಂತೇ ಮಾಡ್ಬೇಕು. ಅದಕ್ಕಿಂತ ಒಂದು ಗೇಣು ಮೇಲೆ ಹತ್ತಿದ್ರೆ ನಾನು ಸುಮ್ನಿರಲ್ಲ.”

ಅವನಿಗೆ ಹೋದ ಜೀವ ಬಂದಂತಾಯಿತು. ಇದು ಚೆನ್ನಾಗಿ ಬಂದರೆ ಏಣಿಯ ಮಾತು ಎತ್ತಬಹುದು. ಕೆಟ್ಟರೆ ಏಣಿಗೆ ಬಟ್ಟೆಯೇ ಗತಿ, ತನಗೆ ಜಗಲಿಯೇ ಗತಿ.

ಮಗಳು ಅಂಗಡಿಯಿಂದ ಅಲಂಕಾರದ ತಗಡು ತಂದಳು. ತೆಳ್ಳಗಿನ ಚೌಕಗಳು, ಪ್ರತಿಯೊಂದರ ನಡುವೆ ಅಚ್ಚೊತ್ತಿದ ದೊಡ್ಡ ಹೂವು. ತಗಡಣ್ಣ ಹಳೇ ಹಲಗೆ ಕಿತ್ತ, ಮರದ ಪಟ್ಟಿ ಹೊಡೆದ, ಬಾಗಿಲ ಮೂಲೆಯಿಂದ ಶುರುಮಾಡಿ ಸಂಜೆಯೊಳಗೆ ಮುಗಿಸಿ ಇಬ್ಬರನ್ನೂ ಕರೆದ.

ಅಮ್ಮ, ಮಗಳು ಹೊಸ್ತಿಲಲ್ಲೇ ನಿಂತರು. ಮಗಳಿಗೆ ನಗು ತಡೆಯಲಾಗಲಿಲ್ಲ.

“ಅಪ್ಪಾ, ನಮ್ಮ ಅಡುಗೆಮನೆ ಒಳಗೂ ಮಳೆ ಬರುತ್ತಾ?”

ಅವನು ತಲೆಯೆತ್ತಿ ನೋಡಿದ. ನೀರು ಸೋರದ ಹಾಗೆ ಒಂದರ ಮೇಲೊಂದು ತಗಡು ಅಗಲವಾಗಿ ಹೊದಿಸಿದ್ದ. ಎಲ್ಲ ಅಂಚುಗಳೂ ಬಾಗಿಲಿಗೆ ಎದುರಾಗಿ ಬಾಯಿ ತೆರೆದಿದ್ದವು, ಅಲ್ಲಿ ನಿಂತವರಿಗೆ ಸಂದುಗಳೇ ಕಾಣುತ್ತಿದ್ದವು. ಪ್ರತಿ ಮೊಳೆಯ ಕೆಳಗೂ ಮಳೆನೀರು ತಡೆಯುವ ಕರಿ ರಬ್ಬರ್ ಬಿಲ್ಲೆ. ಬಾಗಿಲಿಂದ ಹೊರಟ ಸಾಲು ಒಲೆಯ ಮೇಲಿನ ಮೂಲೆ ಮುಟ್ಟುವಷ್ಟರಲ್ಲಿ ಅರ್ಧ ಹೂವಿಗಷ್ಟೇ ಜಾಗ ಉಳಿದಿತ್ತು. ಅಡುಗೆಕಟ್ಟೆ ಅಡ್ಡವಿದ್ದು ಮೇಜು ಆ ಮೂಲೆಗೆ ತಲುಪದೆ, ಕೈ ಚಾಚಿ ಹೊಡೆದಿದ್ದರಿಂದ ಅದೂ ಸೊಟ್ಟ.

“ಹೋಗ್ಲಿ ಬಿಡಿ, ಕ್ಲೀನಾಗಿದೆಯಲ್ಲ” ಎಂದಳು ಹೆಂಡತಿ, ಮೆತ್ತಗೆ. ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಆ ಕನಿಕರ ತಡೆಯಲಾಗದೆ ಅವನು ರಾತ್ರಿ ಊಟ ಅರ್ಧಕ್ಕೇ ಬಿಟ್ಟೆದ್ದ.

ಬೆಳಗಾಗುತ್ತಲೇ ಎಲ್ಲವನ್ನೂ ಬಿಚ್ಚಿದ. ಆಮೇಲೆ ನೆಲದ ಮೇಲೆ ಅಂಗಾತ ಮಲಗಿ ಬಹಳ ಹೊತ್ತು ಮೇಲೆ ನೋಡಿದ. ಇಷ್ಟು ವರ್ಷ ತಗಡಿನ ಮೇಲೆ ನಿಂತು ಕೆಲಸ ಮಾಡಿದವನಿಗೆ ಕೆಳಗಿರುವವರು ಏನು ನೋಡುತ್ತಾರೆಂಬ ಯೋಚನೆಯೇ ಬಂದಿರಲಿಲ್ಲ. ಎದ್ದು ಮೂಲೆಯಿಂದ ಮೂಲೆಗೆ ದಾರ ಕಟ್ಟಿ, ದಾರಗಳು ಕೂಡಿದ ನಡುಮಧ್ಯಕ್ಕೆ ಮೊದಲ ಹೂವು ಹೊಡೆದ. ಅಲ್ಲಿಂದ ನಾಲ್ಕೂ ಕಡೆಗೆ ಹೊರಟ. ಈ ಸಲ ಅಂಚುಗಳು ಬಾಗಿಲಿಗೆ ಬೆನ್ನು ಹಾಕಿದವು, ರಬ್ಬರ್ ಬಿಲ್ಲೆಗಳು ಡಬ್ಬಿ ಸೇರಿದವು.

ಹೆಂಡತಿ ಮೊದಮೊದಲು ಎರಡೂ ಕೈಯಲ್ಲಿ ಮೇಜಿನ ಕಾಲು ಹಿಡಿದು ಕೂತಿದ್ದಳು. ಆಮೇಲೆ ಒಂದು ಕೈ ಬಿಟ್ಟು ಮೊಳೆ ಕೊಟ್ಟಳು. ಮಧ್ಯಾಹ್ನದ ಹೊತ್ತಿಗೆ ಎರಡೂ ಕೈಯಲ್ಲಿ ತಗಡು ಎತ್ತಿಕೊಡುತ್ತಿದ್ದಳು.

ಉಳಿದದ್ದು ಒಲೆಯ ಮೇಲಿನ ಮೂಲೆ. ಮೇಜು ಅಲ್ಲಿಗೆ ತಲುಪದು. ತಗಡಣ್ಣ ಕೊನೆಯ ಹೂವು ಹಿಡಿದು ನಿಂತ. ಏಣಿ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡ.

ಅವಳು ಅವನನ್ನೊಮ್ಮೆ, ಮೂಲೆಯನ್ನೊಮ್ಮೆ ನೋಡಿ ಹಿತ್ತಲಿಗೆ ಹೋದಳು. ಬರುವಾಗ ಹೆಗಲ ಮೇಲೆ ಒದ್ದೆ ಸೀರೆಗಳ ರಾಶಿ, ಹಿಂದೆ ದರದರ ಎಳೆದು ತಂದ ಏಣಿ.

“ಹತ್ತಿ. ನಾನು ಹಿಡ್ಕೋತೀನಿ.”

ಹತ್ತಿದ. ಪ್ರತಿ ಮೆಟ್ಟಿಲನ್ನೂ ಕಾಲಿಂದ ಒತ್ತಿ ನೋಡಿಯೇ ಮೇಲೇರಿದ. ಹೂವು ನೆಟ್ಟಗೆ ಕೂತಿತು. ಕೆಳಗಿಳಿದಾಗ ಅವಳ ಕಣ್ಣು ತುಂಬಿತ್ತು, ಅವನದ್ದೂ.

“ಏಣಿ ಮತ್ತೆ ಹಿತ್ತಲಲ್ಲಿ ಕಟ್ಲಾ?” ಎಂದು ಕೇಳಿದ.

“ಬೇಡ, ಬಾಗಿಲ ಹತ್ರ ಇಡಿ. ಪಕ್ಕದ್ಮನೆ ಟೈಲರ್ ಅಕ್ಕನೂ ಸೀಲಿಂಗ್ ಹಾಕಿಸ್ಬೇಕು ಅಂತಿದ್ಲು” ಎಂದಳು ಸೀರೆ ಹಿಂಡುತ್ತಾ. “ನಾನೂ ಬರ್ತೀನಿ. ಏಣಿ ಹಿಡ್ಕೊಳ್ಳೋಕೆ ಬೇರೆಯವ್ರ ಕೈಗೆ ಕೊಡ್ಬೇಡಿ.”