ನೌಕೆಗೆ ಹೊದಿಕೆ ಹೊಲಿಯುವ ಚಿಕ್ಕಮ್ಮ

ನಮ್ಮ ಚಿಕ್ಕಮ್ಮ ದರ್ಜಿ. ಆದರೆ ಅವಳ ಗಿರಾಕಿಗಳು ಮನುಷ್ಯರಲ್ಲ, ಬಾಹ್ಯಾಕಾಶ ನೌಕೆಗಳು. ಇಪ್ಪತ್ತಾರು ವರ್ಷಗಳಿಂದ ಅವಕ್ಕೆ ಹೊದಿಕೆ ಹೊಲಿಯುತ್ತಿದ್ದಾಳೆ. ಧೂಳಿನ ಕಣವೂ ಇರಬಾರದ ಕೋಣೆಯಲ್ಲಿ, ಮೂಗುಬಾಯಿ ಮುಚ್ಚಿಕೊಂಡು, ದಿನಕ್ಕೆ ಎಂಟು ಗಂಟೆ ಬಗ್ಗಿ ಕೂರುವ ಕೆಲಸ. ಮನೆಗೆ ಬಂದಮೇಲೆ ಸೊಂಟ ನೇರವಾಗಲು ಅವಳಿಗೆ ಗೋಡೆಯ ಆಸರೆ ಬೇಕು. "ನಂಗೂ ಯಾರಾದ್ರೂ ಒಂದು ಹೊದಿಕೆ ಹೊಲ್ದು ಮಲಗಿಸ್ರಪ್ಪಾ" ಎನ್ನುತ್ತಾಳೆ.

ಮೊನ್ನೆ ಅವಳನ್ನು ನನ್ನ ನಾಲ್ಕನೇ ತರಗತಿಗೆ ಕರೆದುಕೊಂಡು ಹೋದೆ. ನಾನು ಟೀಚರು, ಪುಸ್ತಕದಲ್ಲಿರುವ ನೌಕೆಯ ಚಿತ್ರ ತೋರಿಸುವುದಷ್ಟೇ ನನ್ನ ವಿದ್ಯೆ. ಸುಸ್ತಾಗಿದೆ, ಬಿಟ್ಟುಬಿಡೇ ಎಂದಳು. ನಾನು ಬಿಡಲಿಲ್ಲ. ಆ ಹಟಕ್ಕೆ ಈಗ ನನ್ನ ಮೇಲೆ ನನಗೇ ಸಿಟ್ಟು.

ಚಿಕ್ಕಮ್ಮ ಚೀಲದಿಂದ ಹೊಳೆಯುವ ಹಳದಿ ಚೂರೊಂದನ್ನು ತೆಗೆದಳು. "ಮಕ್ಳಾ, ಅಲ್ಲಿ ಮೇಲೆ ಗಾಳಿ ಇಲ್ಲ. ನೌಕೆಗೆ ಬಿಸಿಲು ಬಿದ್ದ ಕಡೆ ಮೈ ಸುಡುತ್ತೆ, ನೆರಳಿನ ಕಡೆ ಮಂಜುಗಡ್ಡೆಗಿಂತ ತಣ್ಣಗಾಗುತ್ತೆ. ಅದಕ್ಕೇ ಇಂಥ ತೆಳು ಹಾಳೆ ಇಪ್ಪತ್ತು ಪದರ ಸೇರಿಸಿ ಹೊಲೀತೀವಿ. ಒಂದಕ್ಕೊಂದು ಅಂಟ್ಕೋಬಾರ್ದು ಅಂತ ಮಧ್ಯೆ ಬಲೆ ಬಟ್ಟೆ."

"ಚಿನ್ನಾನಾ ಅಜ್ಜಿ?"

"ಚಿನ್ನ ಆಗಿದ್ರೆ ನಾನು ಹೀಗೆ ಬಸ್ಸಲ್ಲಿ ನಿಂತ್ಕೊಂಡು ಬರ್ತಿದ್ನಾ?"

ಮಕ್ಕಳು ಬಿದ್ದು ಬಿದ್ದು ನಕ್ಕರು. ಮುಂದಿನ ಬೆಂಚಿನ ಹುಡುಗಿ, ಹೊಲಿದು ತೋರಿಸಿ ಎಂದಳು. ಚಿಕ್ಕಮ್ಮ ಸೂಜಿ ಹಿಡಿದಳು. ದಾರ ಸೂಜಿಯ ಕಣ್ಣು ತಪ್ಪಿ ಪಕ್ಕಕ್ಕೆ ಹೋಯಿತು. ಎಂಜಲು ಹಚ್ಚಿ ಹೊಸೆದಳು, ಮತ್ತೆ ತಪ್ಪಿತು. ಐದು ಸಲವಾದರೂ ತಪ್ಪಿರಬೇಕು. ಕೊನೆಗೆ ಆ ಹುಡುಗಿಯೇ ಎದ್ದು ಬಂದು, ಒಂದೇ ಸಲಕ್ಕೆ ಪೋಣಿಸಿ ಕೊಟ್ಟಳು.

ಎರಡು ತಿಂಗಳಿಂದ ಚಿಕ್ಕಮ್ಮನ ಕಣ್ಣು ಮಂಜಾಗಿತ್ತಂತೆ. ಕೆಲಸದ ಕೋಣೆಯಲ್ಲಿ ಪಕ್ಕಕ್ಕೆ ಕೂರುವ ಗೆಳತಿ ಕದ್ದುಮುಚ್ಚಿ ದಾರ ಪೋಣಿಸಿಕೊಡುತ್ತಿದ್ದಳಂತೆ. ಸೂರ್ಯನ ಹತ್ತಿರಕ್ಕೆ ಹೋಗಲಿರುವ ಈಗಿನ ನೌಕೆಯ ಹೊದಿಕೆಯೊಂದನ್ನು ಮುಗಿಸಿಬಿಡುವ ಆಸೆ, ಆಮೇಲೆ ಮೇಲ್ವಿಚಾರಕಿಗೆ ಹೇಳಿದರಾಯಿತು ಎಂದುಕೊಂಡಿದ್ದಳು. ಇದನ್ನೆಲ್ಲ ನನಗೆ ಹೇಳಿದ್ದು ವಾಪಸು ಬರುವಾಗ, ಬಸ್ಸಿನಲ್ಲಿ.

ಆದರೆ ತರಗತಿಯಲ್ಲಿ ಆ ಹುಡುಗಿ ಇನ್ನೊಂದು ಪ್ರಶ್ನೆ ಕೇಳಿದ್ದಳು. "ಅಲ್ಲಿ ಹೋದ್ಮೇಲೆ ಹೊಲಿಗೆ ಬಿಚ್ಕೊಂಡ್ರೆ ಯಾರು ಹೊಲೀತಾರೆ?"

"ಯಾರೂ ಇಲ್ಲ ಕಂದ. ಇಲ್ಲಿ ಹೊಲ್ದಿದ್ದೇ ಕೊನೆ" ಎಂದ ಚಿಕ್ಕಮ್ಮ ಹಳದಿ ಚೂರನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡಳು.

ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡದೆ ಮೇಲ್ವಿಚಾರಕಿಗೆ ಫೋನ್ ಮಾಡಿದಳು. ಎಲ್ಲ ಒಪ್ಪಿಕೊಂಡಳು. ಆ ಕಡೆಯವರ ಮಾತು ನನಗೂ ಕೇಳುತ್ತಿತ್ತು. ಅವರು ಬಯ್ಯಲಿಲ್ಲ.

"ನಾಳೆಯಿಂದ ಸೂಜಿ ಮುಟ್ಟೋ ಹಾಗಿಲ್ಲ. ಎರಡು ತಿಂಗಳಲ್ಲಿ ನೀವು ಹೊಲ್ದಿರೋದಷ್ಟೂ ಬಿಚ್ಬೇಕಾಗುತ್ತೆ, ಗೊತ್ತಲ್ಲ?"

"ಗೊತ್ತು ಮೇಡಂ. ಅದನ್ನ ನಾನೇ ಬಿಚ್ತೀನಿ, ಅಷ್ಟಕ್ಕೆ ಬಿಡಿ. ಬಿಚ್ಚೋಕೆ ಕಣ್ಣು ಬೇಡ, ನನ್ನ ಹೊಲಿಗೆ ನನ್ನ ಬೆರಳಿಗೇ ಗೊತ್ತಾಗುತ್ತೆ."