ಬಾಬಣ್ಣನ ಎರಡೂ ಕೈ

ಇಳಕಲ್ಲಿನ ಬಾಬಣ್ಣ ಮಗ್ಗದ ಕುಣಿಯಿಂದ ಎದ್ದು ಬಂದದ್ದು ತನ್ನ ಮೂವತ್ತೆರಡನೆಯ ವಯಸ್ಸಿನಲ್ಲಿ. ಆ ಕುಣಿಯಲ್ಲಿ ಕಾಲು ಇಳಿಬಿಟ್ಟು ಅಜ್ಜ ಸೀರೆ ನೇಯ್ದಿದ್ದ, ಅಪ್ಪ ನೇಯ್ದಿದ್ದ. ಬಾಬಣ್ಣ ಒಂದು ದಿನ ಕಾಲನ್ನು ಮೇಲಕ್ಕೆತ್ತಿದವನು ನೇರ ಹೋಗಿ ಹಳೆಯ ಓಮ್ನಿ ವ್ಯಾನೊಂದರ ಬ್ರೇಕಿನ ಮೇಲೆ ಇಟ್ಟ. ಅಂದಿನಿಂದ ಇಳಕಲ್–ಬಾಗಲಕೋಟೆ ರಸ್ತೆಯಲ್ಲಿ ಸೀರೆಗಂಟನ್ನೂ ಜನರನ್ನೂ ಸಮಭಾವದಿಂದ ಸಾಗಿಸತೊಡಗಿದ.

ಹೆಂಡತಿ ಅಂಬವ್ವ ಮಾತ್ರ ತನ್ನ ಮಗ್ಗ ಬಿಡಲಿಲ್ಲ. ಪಕ್ಕದಲ್ಲೇ ಇದ್ದ ಗಂಡನ ಖಾಲಿ ಕುಣಿಯನ್ನೂ ದಿನಾ ಬೆಳಿಗ್ಗೆ ಕಸ ಹೊಡೆದು ಇಡುತ್ತಿದ್ದಳು.

"ಯಾಕ ಅದನ್ನ ಕಸ ಹೊಡೀತಿ?"

"ಇರ್ಲಿ ಬಿಡು. ಯಾವಾಗ ಬೇಕಾಗ್ತೈತೊ."

ಈ ಮಾತಿಗೆ ಬಾಬಣ್ಣ ಹೆದರಿದಷ್ಟು ಎದುರಿಗೆ ಬರುವ ಗ್ರಾನೈಟ್ ಲಾರಿಗೂ ಹೆದರುತ್ತಿರಲಿಲ್ಲ.

ಗಾಡಿ ಓಡಿಸುವ ಬಗ್ಗೆ ಅವನದೊಂದು ಸಿದ್ಧಾಂತವಿತ್ತು. ನೇಕಾರನ ಕಾಲು ಹಲಗೆ ತುಳಿಯುತ್ತದೆ, ಕೈ ಲಾಳಿ ಹೊಡೆಯುತ್ತದೆ, ಕಣ್ಣು ಅಂಚಿನ ಮೇಲಿರುತ್ತದೆ, ಬಾಯಿ ಗೋಡೆಯಾಚೆಯ ನೆರೆಯವನ ಜೊತೆ ಊರ ಸುದ್ದಿಯನ್ನೆಲ್ಲ ಮುಗಿಸುತ್ತದೆ. ಮೂರು ತಲೆಮಾರು ಹೀಗೆ ತಯಾರಾಗಿ ಬಂದ ದೇಹಕ್ಕೆ ಒಂದು ಸ್ಟೇರಿಂಗು, ಒಂದು ಗೇರು ಯಾವ ಲೆಕ್ಕ? ಹೀಗಾಗಿ ೨೦೦೪ರಲ್ಲಿ ಮೊಬೈಲು ಕೈಗೆ ಬಂದಾಗ, ದೇವರು ತನ್ನ ಖಾಲಿ ಬಿದ್ದ ಬಾಯಿಗೂ ಕೆಲಸ ಕೊಟ್ಟನೆಂದೇ ಅವನು ಭಾವಿಸಿದ.

ಮೊದಲ ವರ್ಷ ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು ಓಡಿಸಿದ. ಕುತ್ತಿಗೆ ಎಡಕ್ಕೆ ವಾಲಿ ಹಾಗೇ ನಿಂತುಬಿಟ್ಟಿತು. ಎಲ್ಲದಕ್ಕೂ ಒಪ್ಪಿಕೊಳ್ಳುವ ಸಂಭಾವಿತ ಎಂಬ ಹೆಸರು ಊರಲ್ಲಿ ಬಂತು. ಆಮೇಲೆ ಫೋನನ್ನು ಒಂದು ಕೈಯಲ್ಲೇ ಹಿಡಿದು ಓಡಿಸತೊಡಗಿದ.

ಹುನಗುಂದದ ಸಾಲೆಯಲ್ಲಿ ಕಲಿಸುತ್ತಿದ್ದ ಲೀಲಾಬಾಯಿ ಟೀಚರ್ ಅವನ ದಿನದ ಗಿರಾಕಿ. ಒಂದು ಸೋಮವಾರ ಬಾಬಣ್ಣ ಫೋನಿನಲ್ಲಿ ಯಾರದೋ ಜೊತೆ ಸೀರೆಯ ದಡಿಯ ಬಣ್ಣದ ವಾದಕ್ಕಿಳಿದಿದ್ದ. ಹುನಗುಂದ ಬಂತು, ಹೋಯಿತು. ಟೀಚರ್ ಹಿಂದಿನಿಂದ ಹೆಗಲು ತಟ್ಟಿದರು. ಅವನು ಒಂದು ನಿಮಿಷ ತಡೆಯಿರಿ ಎಂದು ಕೈ ತೋರಿಸಿದ. ಅಮೀನಗಡ ಬಂದ ಮೇಲೆ ಅವನ ಮಾತು ಮುಗಿಯಿತು.

"ನಾ ಹೆಂಗೂ ಬಂದೇನಿ, ಕರದಂಟರೆ ತಗೊಂಡು ಹೋಗ್ತೇನಿ," ಎಂದು ಟೀಚರ್ ಇಳಿದರು. "ಬಾಬಣ್ಣ, ದಾರಿಯೊಳಗ ನಾಲ್ಕು ಎಮ್ಮಿ ಅಡ್ಡ ಬಂದಿದ್ವು. ಅವೇ ಸರದು ನಿಂತ್ವು. ನೀ ನೋಡಿದ್ಯೇನು?"

ಬಾಬಣ್ಣ ನೋಡಿರಲಿಲ್ಲ. ಟೀಚರ್ ಮರುದಿನದಿಂದ ಬಸ್ಸಿಗೆ ಹೋಗತೊಡಗಿದರು.

ಹುನಗುಂದದ ಸರ್ಕಲ್ಲಿನಲ್ಲಿ ಹವಾಲ್ದಾರ ಪಂಢರೀನಾಥರು ನಿಲ್ಲುತ್ತಿದ್ದರು. ತಂದೆ ವೇದ ಹೇಳುತ್ತಿದ್ದ ಧಾಟಿಯಲ್ಲೇ ಮಗ ಕಾಯ್ದೆ ಹೇಳುತ್ತಿದ್ದರು. ಫೋನ್ ಹಿಡಿದು ಓಡಿಸಿದ್ದಕ್ಕೆ ಬಾಬಣ್ಣನಿಗೆ ಎರಡು ಸಲ ದಂಡ ಹಾಕಿದ್ದರು.

"ಮೂರನೇ ಸಲ ಸಿಕ್ಕರ ಲೈಸೆನ್ಸ್ ಹೋಗ್ತದ ನೋಡಪಾ. ಗಾಡಿ ನಡಸೂವಾಗ ಎರಡೂ ಕೈ ಸ್ಟೇರಿಂಗ್ ಮ್ಯಾಲಿರಬೇಕು."

ಲೈಸೆನ್ಸ್ ಹೋದರೆ ಮತ್ತೆ ಮಗ್ಗದ ಕುಣಿ. ಬಾಬಣ್ಣ ಆ ರಾತ್ರಿ ಉಣ್ಣಲಿಲ್ಲ. ಆದರೆ ಬೆಳಗಾಗುವಷ್ಟರಲ್ಲಿ ಹವಾಲ್ದಾರರ ವಾಕ್ಯದಲ್ಲೇ ಅವನಿಗೆ ಮೋಕ್ಷ ಕಂಡಿತು. ಅವರು ಕೇಳಿದ್ದು ಕೈ. ಕಿವಿಯನ್ನಾಗಲಿ ಬಾಯಿಯನ್ನಾಗಲಿ ಯಾರು ಕೇಳಿದರು?

ಅಂಬವ್ವನ ಹಳೆ ಸೀರೆಯಿಂದ ಎರಡು ಮೊಳ ಕೆಂಪು ದಡಿ ಹರಿದುಕೊಂಡ. ಫೋನನ್ನು ಬಲಗಿವಿಗೆ ಒತ್ತಿ, ದಡಿಯನ್ನು ಗದ್ದದ ಕೆಳಗಿನಿಂದ ತಂದು ನೆತ್ತಿಯ ಮೇಲೆ ಗಂಟು ಹಾಕಿದ. ಗುಂಡಿ ಒತ್ತಲು ಒಂದು ಬೆರಳು ಬೇಕಾಗುತ್ತಿತ್ತು. ಬೆರಳನ್ನು ಅವನು ಕೈ ಎಂದು ಹಿಡಿಯಲಿಲ್ಲ. ಬಾಗಲಕೋಟೆ ಅಂಗಡಿಯಲ್ಲಿ ಕಿವಿಗೆ ಹಾಕುವ ವೈರು ಸಿಗುತ್ತದೆಂದು ಯಾರೋ ಹೇಳಿದರೆ, "ಇಳಕಲ್ ದಡಿ ಇರೂಮಟ ವೈರ್ ಯಾಕ ಬೇಕಲೇ," ಎಂದ. ದಾರಿಯ ಜನ ಎರಡು ವಾರ ಅವನ ಹಲ್ಲುನೋವು ವಿಚಾರಿಸಿದರು.

ಸರ್ಕಲ್ಲಿನಲ್ಲಿ ಹವಾಲ್ದಾರರು ಕಂಡ ದಿನ ಬಾಬಣ್ಣ ತನ್ನ ಕೈಗಳ ಸ್ವಾತಂತ್ರ್ಯವನ್ನು ಸಾಬೀತು ಮಾಡಲು ಎರಡನ್ನೂ ಸ್ಟೇರಿಂಗಿನಿಂದ ಎತ್ತಿ ನಮಸ್ಕರಿಸಿದ. ಓಮ್ನಿ ತಾನಾಗಿಯೇ ಬಾಳೆಹಣ್ಣಿನ ಗಾಡಿಯ ಕಡೆ ಹೊರಟು, ಒಂದು ಗೇಣು ಈಚೆ ನಿಂತಿತು.

ಪಂಢರೀನಾಥರು ಬಂದು ಲೈಸೆನ್ಸ್ ಇಸಿದುಕೊಂಡರು.

"ಕೈ ಖಾಲಿ ಅದಾವಲ್ರಿ ಸಾಹೇಬ್ರ."

"ಕಾಯ್ದೆದಾಗ ಕೈ ಅಂತ ಇಲ್ಲಪಾ, ಫೋನ್ ಅಂತ ಅದ. ಸೋಮವಾರ ಇದನ್ನ ಬಾಗಲಕೋಟಿ ಆರ್.ಟಿ.ಓ. ಆಫೀಸಿಗೆ ಕಳಸ್ತೇನಿ. ಮುಂದಿಂದು ಅವರು ನೋಡ್ತಾರ."

ನಡುವೆ ಒಂದು ಭಾನುವಾರವಿತ್ತು. ಪಂಢರೀನಾಥರು ಹೆಂಡತಿಗೆಂದು ಅಂಬವ್ವನ ಹತ್ತಿರ ಒಂದು ಸೀರೆ ಹೇಳಿದ್ದರು. ಅದನ್ನು ನೋಡಿಹೋಗಲು ಅವರು ಮನೆಗೇ ಬಂದಾಗ, ಬಾಬಣ್ಣನಿಗೆ ಮೇಲಿನ ಕೋರ್ಟು ತಾನಾಗಿ ನಡೆದು ಬಂದಂತಾಯಿತು. ಚಹಾ ಕೊಟ್ಟು, ತಲೆಯ ದಡಿ ಸರಿಮಾಡಿಕೊಂಡು, ಮಗ್ಗದ ಪಕ್ಕ ನಿಂತು ವಾದ ಶುರು ಮಾಡಿದ. ಕಾಲು, ಕೈ, ಕಣ್ಣು, ಬಾಯಿ, ಮೂರು ತಲೆಮಾರು ಎಲ್ಲ ಹೇಳಿ ಸಾಕ್ಷಿಯನ್ನು ಕರೆದ.

"ನೀನ ಹೇಳು. ನೇಯೂವಾಗ ನಾವು ಮಾತಾಡ್ತೇವಿಲ್ಲೊ?"

"ದಿನಾಪೂರ್ತಿ," ಎಂದಳು ಅಂಬವ್ವ ತಲೆ ಎತ್ತದೆ. "ಇವನಂತೂ ನೇಯೂದನ್ನ ಬಿಟ್ಟಾನು, ಮಾತು ಬಿಡಾವಲ್ಲ."

ಬಾಬಣ್ಣ ಗೆದ್ದವನಂತೆ ಹವಾಲ್ದಾರರನ್ನು ನೋಡಿದ. ಪಂಢರೀನಾಥರು ಯೋಚನೆಗೆ ಬಿದ್ದರು. ಅವರ ಕೈ ಲೈಸೆನ್ಸ್ ಇದ್ದ ಅಂಗಿಯ ಜೇಬಿನ ಕಡೆ ಹೋಯಿತೆಂದೂ ಬಾಬಣ್ಣನಿಗೆ ಅನ್ನಿಸಿತು.

ಅಷ್ಟರಲ್ಲಿ ಅಂಬವ್ವ ಕೊಂಡಿ ಹಾಕಲು ಕೂತಳು. ಇಳಕಲ್ ಸೀರೆಯಲ್ಲಿ ಒಡಲಿನ ಉದ್ದೆಳೆಗಳ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲಿನ ಒಂದೊಂದು ಎಳೆಯ ಕುಣಿಕೆಯೊಳಗೂ ಸೆರಗಿನ ಒಂದೊಂದು ಎಳೆ ತೂರಿಸಿ, ಎರಡನ್ನೂ ಬೆರಳಲ್ಲೇ ಜೋಡಿಸಬೇಕು. ಅಂಥ ಕುಣಿಕೆಗಳು ಸಾವಿರಾರು.

"ಸೆರಗಿಗೆ ಯಾವ ಕೆಂಪು ಹಾಕೀರವ್ವಾ?" ಎಂದು ಪಂಢರೀನಾಥರು ಕೇಳಿದರು.

ಅಂಬವ್ವನ ಕಣ್ಣು ಎಳೆಯಿಂದ ಏಳಲಿಲ್ಲ. ಅವರು ಮತ್ತೆ ಕೇಳಲು ಬಾಯಿ ತೆರೆದರು. ಬಾಬಣ್ಣ ತುಟಿಯ ಮೇಲೆ ಬೆರಳಿಟ್ಟ.

"ಸುಮ್ಕಿರ್ರಿ ಸಾಹೇಬ್ರ," ಎಂದು ಪಿಸುಗುಟ್ಟಿದ. "ಕೊಂಡಿ ಹಾಕಾಕತ್ತಾಳ. ಈಗ ಮಾತಾಡ್ಸಬಾರ್ದು. ನಮ್ಮಪ್ಪ ಕೊಂಡಿ ಹಾಕೂವಾಗ ಬಾಜೂ ಮನಿಯಾವ್ರು ರೇಡಿಯೋನೂ ಬಂದ್ ಮಾಡ್ತಿದ್ರು."

"ಯಾಕಪಾ? ಬಾಯಿ ಖಾಲಿನ ಅದಲ್ಲ."

"ಬಾಯಿ ಖಾಲಿ ಇದ್ರ ಏನಾತ್ರಿ, ಲಕ್ಷ್ಯ ಹೋಗ್ತೈತಿ. ಒಂದು ಕುಣಿಕಿ ತಪ್ಪಿದ್ರ—"

ಅಲ್ಲಿಗೆ ಬಾಬಣ್ಣ ನಿಂತ. ಪಂಢರೀನಾಥರು ಅವನ ಗದ್ದದ ಕೆಳಗಿನಿಂದ ನೆತ್ತಿಯವರೆಗೆ ಕೆಂಪು ದಡಿಯನ್ನು ನಿಧಾನವಾಗಿ ನೋಡಿದರು. ಬಾಬಣ್ಣನಿಗೆ ತಾನು ನೋಡದೇ ಹೋದ ನಾಲ್ಕು ಎಮ್ಮೆಗಳು ಒಂದೊಂದಾಗಿ ಕಣ್ಣ ಮುಂದೆ ಬಂದವು.

ಅಷ್ಟರಲ್ಲಿ ಅವನ ಕಿವಿಯ ಮೇಲಿನ ಫೋನು ಹೊಡೆದುಕೊಳ್ಳತೊಡಗಿತು. ಅಂಬವ್ವನ ಬೆರಳು ನಿಂತವು. ಬಾಬಣ್ಣ ಗಂಟು ಬಿಚ್ಚಿ, ಫೋನನ್ನು ದಡಿಯಲ್ಲೇ ಸುತ್ತಿ, ತನ್ನ ಹಳೆಯ ಕುಣಿಯೊಳಗೆ ಇಳಿಸಿ, ಮೇಲೆ ಕೌದಿ ಮುಚ್ಚಿದ. ಅದು ಅಲ್ಲೇ ಸ್ವಲ್ಪ ಹೊತ್ತು ನರಳಿ ಸುಮ್ಮನಾಯಿತು. ಅಂಬವ್ವನ ಬೆರಳು ಮತ್ತೆ ಓಡತೊಡಗಿದವು.

ಒಂದು ತಾಸು ಇಬ್ಬರೂ ಗಂಡಸರು ಆ ಬೆರಳುಗಳನ್ನೇ ನೋಡುತ್ತ ಕೂತರು. ಹೊರಡುವಾಗ ಪಂಢರೀನಾಥರು ಲೈಸೆನ್ಸನ್ನು ಚಹಾದ ಕಪ್-ಬಸಿಯ ಕೆಳಗಿಟ್ಟು, ಚಪ್ಪಲಿ ಮೆಟ್ಟಿ ಹೋದರು.

ಮುಂದೆ ಬಾಬಣ್ಣ ಗಾಡಿ ಓಡಿಸುವಾಗ ಫೋನು ಸೀಟಿನ ಕೆಳಗಿನ ಡಬ್ಬಿಯಲ್ಲಿರುತ್ತಿತ್ತು. ಎಷ್ಟು ಹೊಡೆದುಕೊಂಡರೂ ತೆಗೆಯುತ್ತಿರಲಿಲ್ಲ. ಊರು ಮುಟ್ಟಿದ ಮೇಲೆ ಬೇವಿನ ಗಿಡದ ಕೆಳಗೆ ಗಾಡಿ ನಿಲ್ಲಿಸಿ ಒಬ್ಬೊಬ್ಬರಿಗೇ ತಿರುಗಿ ಫೋನ್ ಹಚ್ಚುತ್ತಿದ್ದ. ಇಷ್ಟೊತ್ತು ಯಾಕೆ ಎತ್ತಲಿಲ್ಲ ಎಂದು ಕೇಳಿದರೆ, "ಕೊಂಡಿ ಹಾಕಾಕತ್ತಿದ್ದೆ," ಎನ್ನುತ್ತಿದ್ದ. ಇಳಕಲ್ಲಿನವರು ಮರುಮಾತಾಡುತ್ತಿರಲಿಲ್ಲ. ಬಾದಾಮಿಯ ಗಿರಾಕಿಯೊಬ್ಬ ಮಾತ್ರ, ಇವನು ಡ್ರೈವರಿಕೆ ಬಿಟ್ಟು ಮತ್ತೆ ಮಗ್ಗಕ್ಕೆ ಕೂತನೆಂದು ತಿಳಿದು ಬೇರೆ ಗಾಡಿ ಹೇಳಿದ.

ಲೀಲಾಬಾಯಿ ಟೀಚರ್ ತಿಂಗಳ ನಂತರ ಮತ್ತೆ ಓಮ್ನಿ ಹತ್ತಿದರು. ಹುನಗುಂದದಲ್ಲೇ ಇಳಿದರು.

ಅಂಬವ್ವ ಆ ಖಾಲಿ ಕುಣಿಯನ್ನು ಈಗಲೂ ಕಸ ಹೊಡೆಯುತ್ತಾಳೆ.