ನಾಟಕದ ಜೊತೆ ಜಗಳವನ್ನೂ ಕೊಂಡ ಕಾಕು

ಕೊತ್ತಂಬರಿ ತರಲು ಹೋಗುವಾಗಲೂ ಕಾಕು ಹುಬ್ಬಿಗೆ ಕಾಡಿಗೆ ತೀಡದೆ ಹೊರಬೀಳುತ್ತಿರಲಿಲ್ಲ. ವರ್ಷಾನುಗಟ್ಟಲೆ ನಾಟಕಕ್ಕೆ ಅಗ್ಗದ ಬಣ್ಣ ಬಳಿದುಕೊಂಡು ಅವರ ನಿಜವಾದ ಹುಬ್ಬು ಉದುರಿಹೋಗಿತ್ತು. ವಿಜಾಪುರ ಕಡೆಯವರು, ಮುಂಬಯಿಯ ಆಂಟಾಪ್ ಹಿಲ್‌ನಲ್ಲಿ ನಮ್ಮ ಪಕ್ಕದ ಮನೆಯವರು; ಚಿಕ್ಕಮ್ಮನನ್ನು ಕರೆಯುವಂತೆ ನಾನು ಕಾಕು ಎನ್ನುತ್ತಿದ್ದೆ. ಹಗಲು ಪರೇಲಿನ ಆಸ್ಪತ್ರೆಯಲ್ಲಿ ಕೆಲಸ, ಸಂಜೆ ಕನ್ನಡ ನಾಟಕದ ತಾಲೀಮು. ನನಗೆ ಕನ್ನಡ ಓದಲು ಕಲಿಸಿದವರೂ ಅವರೇ, ತಪ್ಪಿದರೆ ತಲೆಗೆ ಮೊಟಕಿ.

ಬೊರಿವಲಿಯ ನಿವೃತ್ತ ಮಾಸ್ತರರೊಬ್ಬರು ಕಾಕುವನ್ನೇ ಮನಸ್ಸಿನಲ್ಲಿಟ್ಟುಕೊಂಡು, ತಾಯಿಯೇ ಮುಖ್ಯ ಪಾತ್ರವಾದ ನಾಟಕ ಬರೆದರು. ಕಾಕು ಅಭಿನಯಿಸುತ್ತಿದ್ದ ತಂಡದ ಯಜಮಾನ ಓದಿ, ಸಪ್ಪೆ ಎಂದು ಹಿಂದಿರುಗಿಸಿದ. ಮಳೆಗಾಲ ಕಳೆಯುವುದರೊಳಗೆ ಅದನ್ನೇ ತನ್ನ ಹೆಸರು ಹಾಕಿಕೊಂಡು ಆಡಿಸಿದ. ತಾಯಿಯ ಪಾತ್ರಕ್ಕೆ ಅವನ ಹೆಂಡತಿ. ಉಂಡ ಮನೆಯ ಜಂತೆ ಎಣಿಸುವ ಬುದ್ಧಿ.

"ಹೋಗಲಿ ಬಿಡಮ್ಮ" ಎಂದರು ಮಾಸ್ತರರು.

"ನಿಮ್ಮಷ್ಟು ದೊಡ್ಡ ಮನಸ್ಸು ನನಗಿಲ್ರಿ ಮಾಸ್ತರ. ನಾಟಕ ನನಗ ಮಾರ್ರಿ" ಎಂದರು ಕಾಕು. ಅವರು ವಕೀಲರನ್ನು ಮೊದಲೇ ಕೇಳಿಕೊಂಡು ಬಂದಿದ್ದರು. ಹಕ್ಕು ಕೊಂಡವರು ದಾವೆ ಹೂಡಬಹುದು. ಆದರೆ ಕೊಳ್ಳುವ ಮೊದಲೇ ಆದ ಕಳವಿಗೂ ಹೂಡಬೇಕಾದರೆ ಅದನ್ನು ಪತ್ರದಲ್ಲಿ ಸ್ಪಷ್ಟವಾಗಿ ಬರೆಸಿಕೊಳ್ಳಬೇಕು. ಬರೆಸಿಕೊಂಡರು. ಮುಂಬಯಿಗೆ ಬಂದವರು ಉಳಿತಾಯದಲ್ಲಿ ಖೋಲಿ ಕೊಳ್ಳುತ್ತಾರೆ, ನಮ್ಮ ಕಾಕು ಜಗಳ ಕೊಂಡರು.

ಕೋರ್ಟಿನಲ್ಲಿ ಎದುರಾಳಿಯ ವಕೀಲ, ನೀವು ಬರೆದದ್ದಲ್ಲವಲ್ಲ, ನಿಮಗೇನು ನಷ್ಟ ಎಂದು ಹಿಂದಿಯಲ್ಲಿ ಕೆಣಕಿದನಂತೆ. ತಾವು ಕೊಟ್ಟ ಉತ್ತರವನ್ನು ಕಾಕು ಮನೆಗೆ ಬಂದು ಕನ್ನಡದಲ್ಲಿ ಅಭಿನಯಿಸಿಯೇ ತೋರಿಸಿದರು: "ಮನಿ ಕೊಂಡಾಕಿ ಕಳ್ಳನ್ನ ಹಿಡೀಬೇಕಂದ್ರ, ಕಟ್ಟಿದ ಗೌಂಡಿನ್ನ ಕರಕೊಂಡು ಬರಬೇಕೇನ್ರಿ?"

ತಡೆಯಾಜ್ಞೆ ಸಿಕ್ಕಿತು. ಸಭಾಗೃಹದ ಮುಂದಿನ ಬ್ಯಾನರ್ ಇಳಿಸುವುದನ್ನು ನೋಡಲೆಂದೇ ನನ್ನನ್ನು ಕರೆದುಕೊಂಡು ಹೋದರು. ಎದುರಿಗೇ ನಿಂತು ವಡಾಪಾವ್ ತಿಂದೆವು. "ಇನ್ನೊಂದ ತಿನ್ನವಾ, ಇವತ್ತ ಬಾಯಿಗಿ ರುಚಿ ಹತ್ತೇತಿ" ಎಂದರು. ನನಗೂ ಹತ್ತಿತ್ತು, ಸುಳ್ಳೇಕೆ ಹೇಳಲಿ. ಕೇಸು ಗೆದ್ದ ಮೇಲೆ ಮಾಸ್ತರರ ಹೆಸರಿನಲ್ಲೇ ನಾಟಕ ಆಡಿಸಿ, ತಾಯಿಯ ಪಾತ್ರವನ್ನು ತಾವೇ ಮಾಡಿದರು.

ಹೋದ ವರ್ಷ ಕಾಕು ತೀರಿಕೊಂಡರು. ಮಕ್ಕಳಿರಲಿಲ್ಲ, ನಾಟಕದ ಹಕ್ಕನ್ನು ಉಯಿಲಿನಲ್ಲಿ ನನಗೆ ಬಿಟ್ಟಿದ್ದರು. ಹದಿಮೂರನೆಯ ದಿನ ಆ ಯಜಮಾನ ಹಾರ ಹಿಡಿದುಕೊಂಡು ಬಂದ. ಫೋಟೋಗೆ ಕೈಮುಗಿದ, ಕೊಟ್ಟ ಚಹಾ ಹಿಡಿದು ಕುಳಿತ.

"ಇನ್ನಾದ್ರೂ ಆ ನಾಟಕ ಆಡ್ಲಿಕ್ಕೆ ಬಿಡಿ ಮಾರಾಯ್ರೆ. ಸತ್ತವರ ಮೇಲೆ ಎಂತ ಸಿಟ್ಟು?"

"ಸತ್ತಾಕಿ ಮ್ಯಾಲ ಅಲ್ರೀ ಸಿಟ್ಟು, ನಿಮ್ಮ ಮ್ಯಾಲ" ಎಂದೆ.

ಚಹಾ ಅರ್ಧಕ್ಕೇ ಬಿಟ್ಟು ಎದ್ದ. ಉಪಚಾರಕ್ಕೂ ನಾನು ಕೂತ್ಕೊಳ್ಳಿ ಎನ್ನಲಿಲ್ಲ.